ಎದುರಾಗಿ ಬಂದ ಬಂಡಿ, ನಡುದಾರಿಯಲ್ಲಿ ನಿಂತ ಸಂಸಾರ

ವಿರುದ್ಧ ದಿಕ್ಕಿನ ಸವಾರಿಗೆ ಬಲಿಯಾದವರಿಗೆ ಕಾಯದೆಯಲ್ಲಿರುವ ದಾರಿಗಳು

ಪುಣೆ ಕ್ಯಾಂಪ್: ಒಮ್ಮುಖ ಸಂಚಾರದ ಬೀದಿಯನ್ನು ದಾಟುವವನು ವಾಹನಗಳು ಬರುವ ದಿಕ್ಕನ್ನು ನೋಡಿ ಹೆಜ್ಜೆಯಿಡುತ್ತಾನೆ. ಅದು ಅವನ ಅಜಾಗರೂಕತೆಯಲ್ಲ. ಬೀದಿಯ ನಿಯಮವೇ ಹಾಗಿದೆ. ಆದರೆ ಮುಂದಿನ ಚೌಕದವರೆಗೆ ಹೋಗಿ ಸುತ್ತಿ ಬರಲು ಬೇಕಾಗುವ ಎರಡು ನಿಮಿಷಗಳನ್ನು ಉಳಿಸಹೊರಟ ಯಾವನೋ ಒಬ್ಬನು ಬೆನ್ನ ಹಿಂದಿನಿಂದ ಬಂದೆರಗಿದಾಗ, ನಿಯಮವನ್ನು ನಂಬಿದವನೇ ನೆಲಕ್ಕುರುಳುತ್ತಾನೆ. ಕೇಂದ್ರ ಸರಕಾರದ ಲೆಕ್ಕದಂತೆ ೨೦೨೨ನೆಯ ಇಸವಿಯಲ್ಲಿ ದೇಶದ ರಸ್ತೆಗಳ ಮೇಲೆ ೧,೬೮,೪೯೧ ಮಂದಿ ಪ್ರಾಣ ತೆತ್ತರು. ಅವರಲ್ಲಿ ನೂರಕ್ಕೆ ಸುಮಾರು ಐವರ ಸಾವಿಗೆ ವಿರುದ್ಧ ದಿಕ್ಕಿನ ಚಾಲನೆಯೇ ಕಾರಣವೆಂದು ಆ ಲೆಕ್ಕವು ಹೇಳುತ್ತದೆ.

ಪುಣೆಯ ಜನತೆಗೆ ಈ ಮಾತನ್ನು ಅಂಕಿಗಳ ಮೂಲಕ ತಿಳಿಸಬೇಕಾದುದಿಲ್ಲ. ೨೦೧೨ನೆಯ ಜನೇವರಿ ೨೫ರ ಬೆಳಿಗ್ಗೆ ಸಂತೋಷ ಮಾನೆ ಎಂಬ ರಾಜ್ಯ ಸಾರಿಗೆಯ ಚಾಲಕನು ಸ್ವಾರಗೇಟಿನ ನಿಲ್ದಾಣದಿಂದ ತನಗೆ ಒಪ್ಪಿಸದಿದ್ದ ಬಸ್ಸೊಂದನ್ನು ಹೊರಡಿಸಿಕೊಂಡು, ನಗರದ ಬೀದಿಗಳಲ್ಲಿ ಎದುರು ದಿಕ್ಕಿನಲ್ಲಿ ಓಡಿಸಿ ಒಂಬತ್ತು ಜನರ ಪ್ರಾಣವನ್ನು ಹರಣ ಮಾಡಿದನು. ಮೂವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ೨೦೧೩ರಲ್ಲಿ ಪುಣೆಯ ಸೆಶನ್ಸ್ ನ್ಯಾಯಾಲಯವು ಅವನಿಗೆ ಮರಣದಂಡನೆ ವಿಧಿಸಿತು. ಮನಸ್ಸಿನ ಸ್ಥಿಮಿತದ ಪ್ರಶ್ನೆಯನ್ನು ಮುಂದಿಟ್ಟು ಅವನ ಪಕ್ಷದವರು ಹೋರಾಡಿದರು. ಕೊನೆಗೆ ೨೦೧೯ರ ಜನೇವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮರಣದಂಡನೆಯನ್ನು ಜೀವಾವಧಿ ಶಿಕ್ಷೆಗೆ ಇಳಿಸಿತು. ಬೆಳಗಿನ ಕೆಲವೇ ನಿಮಿಷಗಳ ಕೃತ್ಯದ ಶಿಕ್ಷೆ ನಿಶ್ಚಯವಾಗುವುದಕ್ಕೆ ಏಳು ವರ್ಷಗಳು ಹಿಡಿದವು.

ಈ ಪ್ರಕರಣದಿಂದ ಕಲಿಯಬೇಕಾದ ಪಾಠ ಒಂದುಂಟು. ಅಪರಾಧಿಗೆ ಗಲ್ಲಾದರೇನು, ಸೆರೆಮನೆಯಾದರೇನು? ಅದರಿಂದ ಮೃತನ ಮಕ್ಕಳ ಶಾಲೆಯ ಶುಲ್ಕ ಸಂದಾಯವಾಗುವುದಿಲ್ಲ. ಶಿಕ್ಷೆಯ ದಾರಿ ಬೇರೆ, ಪರಿಹಾರದ ದಾರಿ ಬೇರೆ. ಒಂದು ಮುಗಿಯಲೆಂದು ಕಾಯುತ್ತ ಕುಳಿತವರು ಇನ್ನೊಂದನ್ನು ಕಳೆದುಕೊಳ್ಳುವ ಸಂಭವವುಂಟು.

ಶಿಕ್ಷೆಯ ದಾರಿ

ಮೋಟಾರು ವಾಹನ ಕಾಯದೆಯ ೧೮೪ನೆಯ ಕಲಮು ಅಪಾಯಕರ ಚಾಲನೆಯನ್ನು ಕುರಿತದ್ದು. ೨೦೧೯ರ ತಿದ್ದುಪಡಿಯಲ್ಲಿ, ಸಂಚಾರದ ನಿಯತ ದಿಕ್ಕಿಗೆ ಎದುರಾಗಿ ವಾಹನ ನಡೆಸುವುದನ್ನು ಈ ಕಲಮಿನೊಳಗೆ ಹೆಸರಿಸಿಯೇ ಸೇರಿಸಲಾಗಿದೆ. ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೆ ಐದು ಸಾವಿರ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ. ಮೂರು ವರ್ಷಗಳೊಳಗೆ ಪುನಃ ಮಾಡಿದರೆ ಸೆರೆವಾಸ ಎರಡು ವರ್ಷಗಳವರೆಗೆ ಏರುತ್ತದೆ. ಪ್ರಾಣಹಾನಿಯಾದರೆ, ೨೦೨೪ನೆಯ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೧೦೬ನೆಯ ಕಲಮಿನಂತೆ ನಿರ್ಲಕ್ಷ್ಯದಿಂದಾದ ಮರಣಕ್ಕೆ ಐದು ವರ್ಷಗಳವರೆಗೆ ಶಿಕ್ಷೆಯುಂಟು.

ಈ ಖಟ್ಲೆಯನ್ನು ನಡೆಸುವವರು ಸರಕಾರದವರು. ನೊಂದವರ ಕೆಲಸವೆಂದರೆ ಫಿರ್ಯಾದಿಯು ಸರಿಯಾಗಿ ದಾಖಲಾಗುವಂತೆ ನೋಡಿಕೊಳ್ಳುವುದು. ಬಂಡಿಯು ವಿರುದ್ಧ ದಿಕ್ಕಿನಿಂದ ಬಂದಿತೆಂಬ ಮಾತು ಮೊದಲ ವರದಿಯಲ್ಲಿಯೇ ಬರಬೇಕು. ಫಿರ್ಯಾದಿದಾರನಿಗೆ ಅದರ ಪ್ರತಿಯನ್ನು ಹಣ ಪಡೆಯದೆ ಕೊಡತಕ್ಕದ್ದು. ಇಲ್ಲಿ ನಮ್ಮವರಿಗೆ ಒಂದು ತೊಡಕು. ಪುಣೆಯ ಠಾಣೆಗಳಲ್ಲಿ ಜಬಾಬು, ಪಂಚನಾಮೆ ಎಲ್ಲವೂ ಮರಾಠಿಯಲ್ಲಿ. ದುಃಖದ ಭರದಲ್ಲಿ, ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬರುವವರು ಉಂಟು. ಮರಾಠಿ ಬಲ್ಲ ನೆರೆಯವರೊಬ್ಬರನ್ನು ಕರೆದೊಯ್ದು, ಓದಿಸಿ, ಅರ್ಥ ಮಾಡಿಕೊಂಡ ಮೇಲೆಯೇ ರುಜು ಹಾಕಬೇಕು.

ಸಾಕ್ಷ್ಯವನ್ನು ಉಳಿಸಿಕೊಳ್ಳುವ ಬಗೆ

"ಹಣ್ಣು ತಿಂದವ ನುಣುಚಿಕೊಂಡ, ಸಿಪ್ಪೆ ತಿಂದವ ಸಿಕ್ಕಿಕೊಂಡ" ಎಂಬ ಗಾದೆ ಎದುರುಬದುರು ಢಿಕ್ಕಿಯ ಖಟ್ಲೆಗಳಲ್ಲಿ ಎಷ್ಟೋ ಸಲ ನಿಜವಾಗುತ್ತದೆ. ಇಬ್ಬರದೂ ತಪ್ಪಿತ್ತು, ಅರ್ಧ ಹೊಣೆ ಗಾಯಾಳುವಿನದೇ ಎಂದು ವಿಮಾ ಸಂಸ್ಥೆಯವರು ವಾದ ಹೂಡುವುದುಂಟು. ಆ ವಾದ ನಿಂತರೆ ಪರಿಹಾರಧನವೂ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಆದುದರಿಂದ ಸ್ಥಳದ ಪಂಚನಾಮೆಯಲ್ಲಿ ರಸ್ತೆಯ ನಡುವಣ ವಿಭಜಕ, ಒಮ್ಮುಖದ ಫಲಕ, ಬಂಡಿಗಳು ಬಿದ್ದ ಜಾಗ, ಗಾಲಿಗಳ ಗುರುತು ಇವುಗಳೆಲ್ಲ ನಮೂದಾಗಬೇಕು. ಸಾಧ್ಯವಾದರೆ ಬಂಡಿಗಳನ್ನು ಸರಿಸುವ ಮೊದಲೇ ಫೋಟೋ ತೆಗೆಯಬೇಕು.

ಬೀದಿಯ ಅಂಗಡಿಗಳ ಕ್ಯಾಮೆರಾಗಳಲ್ಲಿ ಹೊಸ ಚಿತ್ರವು ಹಳೆಯದನ್ನು ಅಳಿಸುತ್ತ ಹೋಗುತ್ತದೆ. ತಡಮಾಡಿದರೆ ಕಣ್ಣಾರೆ ಕಂಡ ಯಂತ್ರವೂ ಮೂಕವಾಗುತ್ತದೆ. ಆ ಚಿತ್ರಗಳನ್ನು ವಶಪಡಿಸಿಕೊಳ್ಳಿರೆಂದು ಪೊಲೀಸರಿಗೆ ಲಿಖಿತ ವಿನಂತಿಯನ್ನು ಕೂಡಲೆ ಕೊಡಬೇಕು. ಗಾಯಾಳುವನ್ನು ಆಸ್ಪತ್ರೆಗೆ ಒಯ್ದ ದಾರಿಹೋಕರಿಗೆ ಕಾಯದೆಯ ರಕ್ಷಣೆಯಿದೆ. ತಮ್ಮ ಹೆಸರು ಹೇಳಲೇಬೇಕೆಂಬ ಬಲಾತ್ಕಾರವೂ ಅವರ ಮೇಲಿಲ್ಲ. ಆದರೂ ನೋಡಿದುದನ್ನು ಹೇಳಲು ಸ್ವಂತ ಇಚ್ಛೆಯಿಂದ ಮುಂದೆ ಬರುವ ಸಾಕ್ಷಿಯು ಒಂದು ಸಂಸಾರವನ್ನು ಕಾಪಾಡಿದ ಪುಣ್ಯವಂತನು.

ಪರಿಹಾರದ ದಾರಿ

ರಸ್ತೆಗಿಳಿಯುವ ಪ್ರತಿಯೊಂದು ವಾಹನಕ್ಕೂ ಮೂರನೆಯವರ ಹಾನಿಗಾಗಿ ವಿಮೆಯಿರಬೇಕೆಂಬ ನಿಯಮವು ನಮ್ಮ ದೇಶದಲ್ಲಿ ೧೯೪೬ರಿಂದ ಬಂದಿದೆ. ದಿವಾಣಿ ನ್ಯಾಯಾಲಯಗಳ ನಿಧಾನವನ್ನು ತಪ್ಪಿಸಲೆಂದು ೧೯೫೬ರ ತಿದ್ದುಪಡಿಯಿಂದ ಪ್ರತ್ಯೇಕ ಅಪಘಾತ ಪರಿಹಾರ ನ್ಯಾಯಮಂಡಳಿಗಳಿಗೆ ಅವಕಾಶವಾಯಿತು. ಈಗ ೧೯೮೮ರ ಕಾಯದೆಯ ೧೬೬ನೆಯ ಕಲಮಿನಂತೆ ಗಾಯಾಳುವು, ಮೃತನಾದರೆ ಅವನ ವಾರಸುದಾರರು, ಈ ಮಂಡಳಿಗೆ ಅರ್ಜಿ ಸಲ್ಲಿಸಬಹುದು. ಚಾಲಕ, ಮಾಲಿಕ, ವಿಮಾ ಸಂಸ್ಥೆ ಈ ಮೂವರೂ ಎದುರುಪಕ್ಷದವರಾಗುತ್ತಾರೆ. ಇಲ್ಲಿ ಅಪರಾಧ ಖಟ್ಲೆಯಷ್ಟು ಕಟ್ಟುನಿಟ್ಟಾದ ರುಜುವಾತು ಬೇಕಿಲ್ಲ. ಹೀಗಾಗಿರುವುದೇ ಹೆಚ್ಚು ಸಂಭವನೀಯವೆಂದು ಮಂಡಳಿಗೆ ಮನವರಿಕೆಯಾದರೆ ಸಾಕು.

ಹೊಣೆಯ ಚರ್ಚೆಯೇ ಬೇಡವೆಂದರೆ ೧೬೪ನೆಯ ಕಲಮಿನಲ್ಲಿ ಮರಣಕ್ಕೆ ಐದು ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ನಿಶ್ಚಿತವಾಗಿದೆ. ಆದರೆ ವಿಮಾ ಸಂಸ್ಥೆಯು ಇತ್ಯರ್ಥಕ್ಕೆಂದು ಕೊಡುವ ಈ ಹಣವನ್ನು ಒಮ್ಮೆ ಸ್ವೀಕರಿಸಿದರೆ ಮಂಡಳಿಯ ಮುಂದಿನ ಅರ್ಜಿ ಬಿದ್ದುಹೋಗುತ್ತದೆ. ಒಪ್ಪುವ ಮುನ್ನ ಲೆಕ್ಕ ಹಾಕಿ ನೋಡುವುದು ವಿವೇಕ.

ಲೆಕ್ಕದ ರೀತಿಯನ್ನು ಸರ್ವೋಚ್ಚ ನ್ಯಾಯಾಲಯವು ೨೦೦೯ರ ಸರಳಾ ವರ್ಮಾ ಹಾಗೂ ೨೦೧೭ರ ಪ್ರಣಯ ಸೇಠಿ ತೀರ್ಪುಗಳಲ್ಲಿ ಗೊತ್ತುಮಾಡಿದೆ. ಉದಾಹರಣೆಗೆ, ಮೂವತ್ತೆರಡು ವರ್ಷದ ಒಬ್ಬ ಗೌಂಡಿಯು ತಿಂಗಳಿಗೆ ೧೫,೦೦೦ ರೂಪಾಯಿ ಗಳಿಸುತ್ತಿದ್ದು, ಹೆಂಡತಿ, ತಾಯಿ, ಇಬ್ಬರು ಮಕ್ಕಳನ್ನು ಬಿಟ್ಟು ತೀರಿಕೊಂಡನೆಂದು ಭಾವಿಸೋಣ. ವರ್ಷದ ಗಳಿಕೆ ೧,೮೦,೦೦೦. ಮುಂದೆ ಹೆಚ್ಚಬಹುದಾಗಿದ್ದ ಸಂಪಾದನೆಗೆಂದು ನೂರಕ್ಕೆ ನಲವತ್ತು ಕೂಡಿಸಿದರೆ ೨,೫೨,೦೦೦. ಅವನ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ ೧,೮೯,೦೦೦. ಅವನ ವಯಸ್ಸಿಗೆ ಗೊತ್ತುಪಡಿಸಿದ ಗುಣಕ ಹದಿನಾರು. ಗುಣಿಸಿದರೆ ೩೦,೨೪,೦೦೦ ರೂಪಾಯಿ. ಅಂತ್ಯಕ್ರಿಯೆಯ ವೆಚ್ಚ, ಸಂಗಾತಿಯನ್ನು ಕಳೆದುಕೊಂಡ ನಷ್ಟ ಮುಂತಾದವು ಇದರ ಮೇಲೆ. ಬೀದಿಯಲ್ಲಿ ನಾಲ್ಕು ಜನ ಹಿರಿಯರು ಸೇರಿ ಐವತ್ತು ಸಾವಿರಕ್ಕೆ ರಾಜಿ ಮಾಡಿಸುವಾಗ ಆ ವಿಧವೆಗೆ ಈ ಲೆಕ್ಕವನ್ನು ಯಾರಾದರೂ ಹೇಳುತ್ತಾರೆಯೆ? ತಪ್ಪು ನಮ್ಮದೇ ಎಂದಾಗಲಿ, ಇನ್ನು ನಮ್ಮ ತಕರಾರಿಲ್ಲವೆಂದಾಗಲಿ ಬರೆದ ಕಾಗದಕ್ಕೆ ಯಾರೂ ರುಜು ಹಾಕಕೂಡದು.

ಗಳಿಕೆಗೆ ಆಧಾರ ಬೇಕು. ದಿನಗೂಲಿಯವರಲ್ಲಿ ಸಂಬಳದ ಚೀಟಿ ಇರುವುದಿಲ್ಲ. ಬ್ಯಾಂಕಿನ ಪುಸ್ತಕ, ಕಂತ್ರಾಟುದಾರನ ಹಾಜರಿ ವಹಿ, ಜೊತೆಗೆಲಸದವರ ಹೇಳಿಕೆ ಇವು ನೆರವಿಗೆ ಬರುತ್ತವೆ. ಕೆಲಸದ ಮೇಲಿದ್ದಾಗಲೇ ಅಪಘಾತವಾಗಿದ್ದರೆ ನೌಕರರ ಪರಿಹಾರವನ್ನು ಕುರಿತ ಕಾಯದೆಯಂತೆಯೂ ಕೇಳಬಹುದು. ಆದರೆ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು.

ಆರು ತಿಂಗಳ ಗಡುವು

ಮೊದಲು ಇದ್ದ ಅರ್ಜಿಯ ಗಡುವನ್ನು ೧೯೯೪ರಲ್ಲಿ ತೆಗೆದುಹಾಕಲಾಗಿತ್ತು. ಎಷ್ಟು ತಡವಾದರೂ ನಡೆಯುತ್ತದೆಂಬ ನಂಬಿಕೆ ಜನರಲ್ಲಿ ಬೇರೂರಿದ್ದು ಆಗಿನಿಂದ. ಆದರೆ ೨೦೨೨ನೆಯ ಏಪ್ರಿಲ್ ೧ರಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ನಿಯಮ ಮರಳಿ ಬಂದಿದೆ. ಈ ನಿಯಮವನ್ನು ಪ್ರಶ್ನಿಸಿದ ಅರ್ಜಿಗಳು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದು, ತಡವಾಯಿತೆಂಬ ಒಂದೇ ಕಾರಣದಿಂದ ಅರ್ಜಿಗಳನ್ನು ತಳ್ಳಿಹಾಕಬಾರದೆಂದು ೨೦೨೫ರ ನವೆಂಬರಿನಲ್ಲಿ ಮಧ್ಯಂತರ ಆಜ್ಞೆಯಾಯಿತು. ಮಧ್ಯಂತರ ಆಜ್ಞೆಯು ಕೊನೆಯ ತೀರ್ಪಲ್ಲ. ಅದನ್ನು ನೆಚ್ಚಿ ಕೂಡ್ರುವುದು ತರವಲ್ಲ. ಪೊಲೀಸರು ಮೂರು ತಿಂಗಳೊಳಗೆ ಮಂಡಳಿಗೆ ಅಪಘಾತದ ವರದಿ ಕಳಿಸಬೇಕು, ಆ ವರದಿಯನ್ನೇ ಅರ್ಜಿಯೆಂದು ಪರಿಗಣಿಸಬೇಕು ಎಂದು ಕಾಯದೆ ಹೇಳುತ್ತದೆ. ಹಾಗಿದ್ದರೂ ನಮ್ಮ ಅರ್ಜಿ ನಮ್ಮ ಕೈಯಿಂದಲೇ ಹೋಗುವುದು ಲೇಸು.

ಪರಸ್ಥಳದಲ್ಲಿರುವ ಕನ್ನಡಿಗರು ತಪ್ಪದೆ ಅರಿತಿರಬೇಕಾದ ಮಾತು ಇದೇ. ಪುಣೆಯಲ್ಲಿ ದುಡಿಯುವವನು ಸತ್ತರೆ ಶವದೊಡನೆ ಸಂಸಾರವೂ ವಿಜಯಪುರಕ್ಕೋ ಕಲಬುರ್ಗಿಗೋ ಮರಳುತ್ತದೆ. ಕರ್ಮಾಂತರ, ಸಾಲ, ಮಕ್ಕಳ ಶಾಲೆಯ ಬದಲಾವಣೆ ಎನ್ನುವಷ್ಟರಲ್ಲಿ ಆರು ತಿಂಗಳು ಸರಿದುಹೋಗುತ್ತವೆ. ಖಟ್ಲೆಗಾಗಿ ಪುಣೆಯ ಶಿವಾಜಿನಗರದ ನ್ಯಾಯಾಲಯಕ್ಕೆ ತಿರುಗುವ ಶಕ್ತಿ ನಮಗೆಲ್ಲಿಯದೆಂದು ಅನೇಕರು ಕೈಬಿಡುತ್ತಾರೆ. ಆದರೆ ಹಾಗೆ ತಿರುಗಬೇಕಾಗಿಯೇ ಇಲ್ಲ! ಅಪಘಾತ ನಡೆದ ಸ್ಥಳದಲ್ಲಿ, ಅರ್ಜಿದಾರರು ವಾಸಿಸುವ ಸ್ಥಳದಲ್ಲಿ, ಎದುರುಪಕ್ಷದವರು ವಾಸಿಸುವ ಸ್ಥಳದಲ್ಲಿ, ಈ ಮೂರರಲ್ಲಿ ತಮಗೆ ಅನುಕೂಲವಾದ ಕಡೆ ಅರ್ಜಿ ಸಲ್ಲಿಸಲು ಕಾಯದೆ ಒಪ್ಪಿದೆ. ಪುಣೆಯಲ್ಲಾದ ಅಪಘಾತಕ್ಕೆ ತನ್ನ ಜಿಲ್ಲೆಯ ಮಂಡಳಿಯ ಮುಂದೆ, ತನ್ನ ಭಾಷೆಯನ್ನು ಬಲ್ಲ ವಕೀಲರ ಮೂಲಕ, ಆ ತಾಯಿ ನ್ಯಾಯ ಕೇಳಬಹುದು. ಊರಿಗೆ ಹೊರಡುವ ಮುನ್ನ ಫಿರ್ಯಾದಿ, ಪಂಚನಾಮೆ, ಮರಣೋತ್ತರ ವರದಿ, ವಿಮೆಯ ವಿವರ ಇವುಗಳ ಪ್ರತಿಗಳನ್ನು ಅವಳ ಕೈಗೆ ಒದಗಿಸುವುದು ಇಲ್ಲಿ ಉಳಿದ ನಮ್ಮ ಕರ್ತವ್ಯ.

ವಕೀಲರಿಗೆ ಹಣವಿಲ್ಲದವರ ಪಾಡು? ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯದೆಯಂತೆ ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಇವರಿಗೆ ಉಚಿತ ವಕೀಲರನ್ನು ಒದಗಿಸತಕ್ಕದ್ದು. ಜಿಲ್ಲಾ ನ್ಯಾಯಾಲಯದಲ್ಲಿರುವ ಪ್ರಾಧಿಕಾರದ ಕಚೇರಿಯಲ್ಲಿ, ಇಲ್ಲವೆ ೧೫೧೦೦ ಎಂಬ ದೂರವಾಣಿಯಲ್ಲಿ ವಿಚಾರಿಸಬಹುದು.

ಬಂಡಿಯವನು ಓಡಿಹೋದರೆ

ಢಿಕ್ಕಿ ಹೊಡೆದವನ ಗುರುತೇ ಸಿಗದಿದ್ದರೆ ಮರಣಕ್ಕೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ರೂಪಾಯಿಗಳ ನೆರವನ್ನು ೧೬೧ನೆಯ ಕಲಮು ಕೊಡಿಸುತ್ತದೆ. ಅಪಘಾತವಾದ ತಾಲೂಕಿನ ಕಂದಾಯ ಅಧಿಕಾರಿಗಳಲ್ಲಿ ಅದಕ್ಕಾಗಿ ಅರ್ಜಿ ಕೊಡಬೇಕು. ಚಾಲಕನ ಬಳಿ ಪರವಾನಿಗೆ ಇರಲಿಲ್ಲವೆಂಬ ಕಾರಣದಿಂದ ನೊಂದವರು ಎದೆಗುಂದಬೇಕಿಲ್ಲ. ಮೊದಲು ವಿಮಾ ಸಂಸ್ಥೆಯು ಹಣ ತೆತ್ತು, ಆಮೇಲೆ ಮಾಲಿಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆಜ್ಞೆ ಮಾಡಿದ್ದುಂಟು. ವಿಮೆಯೇ ಇಲ್ಲದಿದ್ದರೆ ಮಾಲಿಕನ ಆಸ್ತಿಯೇ ಹೊಣೆ. ಇನ್ನು ಚಿಕಿತ್ಸೆಯ ಮಾತು. ೨೦೨೫ರ ಮೇ ತಿಂಗಳಿನಿಂದ ಜಾರಿಗೆ ಬಂದ ಯೋಜನೆಯಂತೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಗಳ ಮಿತಿಯೊಳಗೆ, ಹಣ ಕಟ್ಟಿಸಿಕೊಳ್ಳದೆ ಚಿಕಿತ್ಸೆ ದೊರೆಯಬೇಕು.

ಕೊನೆಯದಾಗಿ, ನಮ್ಮ ಮನೆಯವರಿಗೇ ಹೇಳಬೇಕಾದ ಒಂದು ಮಾತು. ಕಾಯದೆಯ ಈ ಆಸರೆಯೆಲ್ಲ ನೆಟ್ಟಗೆ ಹೋದವನಿಗೆ. ವಿರುದ್ಧ ದಿಕ್ಕಿನಲ್ಲಿ ಹೋಗಿ ತನ್ನ ತಪ್ಪಿನಿಂದಲೇ ಸತ್ತ ಸವಾರನ ಸಂಸಾರಕ್ಕೆ ೧೬೬ನೆಯ ಕಲಮಿನ ಬಾಗಿಲು ತೆರೆಯುವುದಿಲ್ಲ. ಬಂಡಿಯ ಮಾಲಿಕನು ತನ್ನ ಸ್ವಂತದ ಅಪಘಾತ ವಿಮೆ ಮಾಡಿಸಿದ್ದರೆ ಅದೊಂದೇ ಗತಿ. ಉಳಿದೀತೆಂದುಕೊಂಡ ಎರಡು ನಿಮಿಷಗಳ ಬೆಲೆಯನ್ನು ಆಗ ತೆರುವವರು, ಮನೆಯಲ್ಲಿ ದೀಪ ಹಚ್ಚಿ ದಾರಿ ಕಾಯುತ್ತಿದ್ದವರು.