ಪಾಲಕಿಗೆ ಕೋಳಿಯ ಜೊತೆ

ಮೈಸೂರಿನ ಎಷ್ಟೋ ಮನೆಗಳಲ್ಲಿ ಊಟವು ಎಲೆಯ ಮುಂದೆಯೇ ಮುಗಿಯುವುದಿಲ್ಲ. ಕೈತೊಳೆದು ಪಡಸಾಲೆಗೆ ಬರುವಷ್ಟರಲ್ಲಿ ಹಬೆಯಾಡುವ ಕಾಫಿ ಎದುರಿಗೆ ಬಂದಿರಬೇಕು. ಈ ಹಿತವಾದ ಅಭ್ಯಾಸವೇ ನಮ್ಮ ಮನೆಯಲ್ಲಿ ಒಂದು ದಿನ ವಿಚಾರಣೆಗೆ ಗುರಿಯಾಯಿತು.

ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ನನ್ನ ತಂಗಿಯ ರಕ್ತವನ್ನು ಪರೀಕ್ಷಿಸಿದ ವೈದ್ಯರು, ಹಿಮೋಗ್ಲೋಬಿನ್ 9 ಗ್ರಾಮಿಗೆ ಇಳಿದಿದೆಯೆಂದೂ, ಗರ್ಭಿಣಿಗೆ ಅದು 11ಕ್ಕಿಂತ ಕಡಿಮೆಯಿರಬಾರದೆಂದೂ ತಿಳಿಸಿದರು. ಅಮ್ಮನಿಗೆ ನಂಬಿಕೆಯೇ ಬರಲಿಲ್ಲ.

“ದಿನವೂ ಪಾಲಕ್ ಸೊಪ್ಪಿನ ಪಲ್ಯ ಬಡಿಸುತ್ತಿದ್ದೇನಲ್ಲ, ಡಾಕ್ಟರೇ!”

“ಬಡಿಸಿದರೆ ಸಾಲದು ತಾಯಿ, ಮೈಗೆ ಹತ್ತಬೇಕು. ಊಟವಾದೊಡನೆ ಏನು ಕೊಡುತ್ತೀರಿ?”

“ಇನ್ನೇನು, ಕಾಫಿ.”

ವೈದ್ಯರು ನಕ್ಕು, ಕಬ್ಬಿಣದ ಮಾತ್ರೆಯನ್ನು ಬರೆದುಕೊಟ್ಟು, ಅಮ್ಮನಿಗೆ ಪುಟ್ಟದೊಂದು ಪಾಠವನ್ನೇ ಹೇಳಿದರು.

ಪಾಲಕಿನಲ್ಲಿ ಕಬ್ಬಿಣವಿರುವುದು ನಿಜ. ಆದರೆ ಸೊಪ್ಪುಕಾಳುಗಳಲ್ಲಿರುವ ಕಬ್ಬಿಣವನ್ನು ನಮ್ಮ ದೇಹವು ಸ್ವಲ್ಪಮಟ್ಟಿಗೆ ಮಾತ್ರ ಹೀರಿಕೊಳ್ಳಬಲ್ಲದು. ಮಾಂಸದಲ್ಲಿರುವ ಕಬ್ಬಿಣ ಹೆಚ್ಚು ಸುಲಭವಾಗಿ ರಕ್ತಗತವಾಗುತ್ತದೆ. ಅಷ್ಟೇ ಅಲ್ಲ, ಒಂದೇ ಊಟದಲ್ಲಿ ಜೊತೆಗೂಡಿದಾಗ ಮಾಂಸವು ಸೊಪ್ಪಿನ ಕಬ್ಬಿಣವನ್ನೂ ಕೈಹಿಡಿದು ಕರೆದೊಯ್ಯುತ್ತದೆ. ನಿಂಬೆಯ ಹುಳಿಯಲ್ಲಿರುವ ಸಿ ಜೀವಸತ್ವವೂ ಇದೇ ಉಪಕಾರವನ್ನು ಮಾಡುತ್ತದೆ. ಕಾಫಿ, ಚಹಾಗಳಾದರೋ ಊಟದ ಬೆನ್ನಲ್ಲೇ ಹೊಟ್ಟೆ ಸೇರಿ ಈ ಕಾರ್ಯಕ್ಕೆ ಅಡ್ಡಿಯಾಗುತ್ತವೆ.

1950ರಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯು ಆರಂಭವಾದುದು ನಮ್ಮೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ. ಅಂತಹ ಊರಿನಲ್ಲಿದ್ದೂ ಈ ಸಂಗತಿ ನಮಗೆ ಹೊಸದಾಗಿತ್ತು! ಇದು ನಮ್ಮೊಂದು ಮನೆಯ ಕಥೆಯೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 15ರಿಂದ 49 ವರ್ಷ ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ.

ಅಮ್ಮ ಆ ಭಾನುವಾರವೇ ಪಾಲಕಿಗೆ ಕೋಳಿಯ ಜೊತೆ ಮಾಡಿಸಿದಳು. ಮಾಂಸಾಹಾರದ ಮನೆಯ ಗೃಹಿಣಿಯರಿಗೆ ಉಪಯೋಗವಾದೀತೆಂದು ಆ ವಿಧಾನವನ್ನು ಇಲ್ಲಿ ಕೊಟ್ಟಿದ್ದೇನೆ.

ಐದು ಜನಕ್ಕೆ ಮುಕ್ಕಾಲು ಕಿಲೋ ಕೋಳಿ, ಎರಡು ದೊಡ್ಡ ಕಟ್ಟು ಎಳೆಯ ಪಾಲಕ್ ಬೇಕು. ಮೊದಲು ಮಸಾಲೆ: ಒಂದು ಈರುಳ್ಳಿ, ನಾಲ್ಕು ಹಸಿಮೆಣಸಿನಕಾಯಿ, ಒಂದಂಗುಲ ಶುಂಠಿ, ಎಂಟು ಎಸಳು ಬೆಳ್ಳುಳ್ಳಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಒಂದು ಹಿಡಿ ಕಾಯಿತುರಿ, ಬಿಸಿನೀರಿನಲ್ಲಿ ನೆನೆಸಿದ ಒಂದು ಚಮಚ ಗಸಗಸೆ, ಸ್ವಲ್ಪ ಚಕ್ಕೆ, ಮೂರು ಲವಂಗ. ಇವನ್ನು ನುಣ್ಣಗೆ ರುಬ್ಬಿಕೊಳ್ಳಿ.

ಪಾಲಕನ್ನು ಮಣ್ಣು ಹೋಗುವಂತೆ ಮೂರು ನೀರಿನಲ್ಲಿ ತೊಳೆದು, ಕುದಿಯುವ ನೀರಿಗೆ ಹಾಕಿ ಒಂದೇ ನಿಮಿಷದಲ್ಲಿ ತೆಗೆದು, ತಣ್ಣೀರಿನಲ್ಲಿ ಮುಳುಗಿಸಿ, ಹಿಂಡಿ ತರಿತರಿಯಾಗಿ ಅರೆಯಿರಿ. ಹಸಿರು ಉಳಿಯಲೆಂದು ಸೋಡಾ ಹಾಕುವವರುಂಟು. ಬಣ್ಣ ಉಳಿದರೂ ಜೀವಸತ್ವ ನಷ್ಟವಾಗುವುದರಿಂದ ಅದು ಬೇಡ.

ಎಣ್ಣೆಯಲ್ಲಿ ಹೆಚ್ಚಿದ ಇನ್ನೊಂದು ಈರುಳ್ಳಿಯನ್ನು ಕೆಂಪಗೆ ಹುರಿದು, ರುಬ್ಬಿದ ಮಸಾಲೆ ಸೇರಿಸಿ, ಹಸಿ ವಾಸನೆ ಹೋಗಿ ಎಣ್ಣೆ ಬಿಡುವವರೆಗೆ ಬಾಡಿಸಿ. ಒಂದು ಟೊಮೇಟೊ, ಎರಡು ಚಮಚ ಧನಿಯದ ಪುಡಿ, ಅರಿಶಿನ, ಉಪ್ಪು, ಕೋಳಿ ಹಾಕಿ ಐದು ನಿಮಿಷ ಕೈಯಾಡಿಸಿ. ಒಂದು ಲೋಟ ನೀರೆರೆದು, ಮುಚ್ಚಿ, ಸಣ್ಣ ಉರಿಯಲ್ಲಿ ಸುಮಾರು 25 ನಿಮಿಷ ಬೇಯಿಸಿ. ನಾಟಿಕೋಳಿಯಾದರೆ ಇನ್ನೂ ಹೆಚ್ಚು ಹೊತ್ತು ಬೇಕು. ಮೂಳೆಯ ಬಳಿಯೂ ಹಸಿ ಕೆಂಪು ಉಳಿಯಕೂಡದು. ಗರ್ಭಿಣಿಗೆ ಬಡಿಸುವಾಗಲಂತೂ ಈ ಎಚ್ಚರ ತಪ್ಪಬಾರದು.

ಕೋಳಿ ಬೆಂದ ಮೇಲೆಯೇ ಪಾಲಕಿನ ಸರದಿ. ಮೊದಲೇ ಹಾಕಿದರೆ ಟೊಮೇಟೊ ಹುಳಿಗೂ ದೀರ್ಘ ಕಾವಿಗೂ ಸಿಕ್ಕಿ ಅದರ ಹಸಿರು ಕಂದಿಹೋಗುತ್ತದೆ. ಮುಚ್ಚದೆ ನಾಲ್ಕೈದು ನಿಮಿಷ ಕುದಿಸಿದರೆ ಸಾಕು. ನಿಂಬೆಯ ರಸವನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಿಂಡಬೇಕು. ಕುದಿಸಿದರೆ ಅದರ ಸತ್ವ ಕುಂದುತ್ತದೆ. ಅಕ್ಕಿ ರೊಟ್ಟಿಗೂ ಚಪಾತಿಗೂ ಇದು ಒಪ್ಪುತ್ತದೆ.

ಮಾಂಸ ಮುಟ್ಟದ ಮನೆಯವರು ನಿರಾಶರಾಗಬೇಕಿಲ್ಲ. ಪಲ್ಯಕ್ಕೆ ನಿಂಬೆ ಹಿಂಡಿ, ಊಟಕ್ಕೂ ಕಾಫಿಗೂ ಒಂದೆರಡು ಗಂಟೆ ಅಂತರವಿಟ್ಟರೂ ಪ್ರಯೋಜನವುಂಟು. ಆದರೆ ಯಾವ ಅಡಿಗೆಯೂ ವೈದ್ಯರು ಕೊಟ್ಟ ಮಾತ್ರೆಗೆ ಬದಲಾಗಲಾರದು.

ತಂಗಿ ಮಾತ್ರೆಯನ್ನು ತಪ್ಪಿಸಲಿಲ್ಲ. ಅಮ್ಮ ಸೊಪ್ಪನ್ನು ತಪ್ಪಿಸಲಿಲ್ಲ. ಎರಡು ತಿಂಗಳ ನಂತರದ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 11 ದಾಟಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಕಾಫಿಯ ಹೊತ್ತು ಸಂಜೆ ನಾಲ್ಕು. ಮೊದಮೊದಲು ಗೊಣಗಿದ ಅಪ್ಪನೂ ಈಗ ಗಡಿಯಾರವನ್ನು ನೋಡುತ್ತಾ ಕಾಯುವುದನ್ನು ಕಲಿತಿದ್ದಾರೆ.