ಫೆರಸ್ ಅಲ್ಲ, ಫೆರಿಕ್ ಕೊಡಿ

ಪಿಸಿಬಿ ಎಚಿಂಗ್ ಮಾಡೋಕೆ ಅಂಗಡೀಲಿ ಬರೀ ‘ಐರನ್ ಕ್ಲೋರೈಡ್’ ಅಂತ ಕೇಳಿದ್ರೆ ಸಾಲದು. 2 ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ ಫೆರಸ್, 3 ಕಳೆದುಕೊಂಡದ್ದು ಫೆರಿಕ್. ಕ್ಲೋರೈಡ್ ಚಾರ್ಜ್ ಮೈನಸ್ 1. ಒಟ್ಟು ಚಾರ್ಜ್ ಸೊನ್ನೆ ಆಗಬೇಕು, ಹಾಗಾಗಿ ಫೆರಸ್‌ಗೆ 2 ಕ್ಲೋರೈಡ್, ಫೆರಿಕ್‌ಗೆ 3.

ಫೆರಿಕ್ ಅಯಾನು ಬೋರ್ಡಿನ ತಾಮ್ರದಿಂದ ಎಲೆಕ್ಟ್ರಾನ್ ಕಿತ್ತುಕೊಂಡು ತಾನು ಫೆರಸ್ ಆಗುತ್ತೆ. ತಾಮ್ರ ಅಯಾನಾಗಿ ಕರಗುತ್ತೆ. ಫೆರಸ್‌ಗೆ ಆ ತಾಕತ್ತಿಲ್ಲ, ಬೋರ್ಡ್ ಹಾಗೇ ಉಳಿಯುತ್ತೆ.

‘ಅಸ್’ ಅಂದ್ರೆ ಕಡಿಮೆ ಚಾರ್ಜ್, ‘ಇಕ್’ ಅಂದ್ರೆ ಹೆಚ್ಚು. ಆದ್ರೆ ಎಷ್ಟು ಅಂತ ಹೇಳಲ್ಲ: ಕಬ್ಬಿಣದಲ್ಲಿ 2, 3, ತಾಮ್ರದಲ್ಲಿ ಕ್ಯುಪ್ರಸ್ 1, ಕ್ಯುಪ್ರಿಕ್ 2. ಅದಕ್ಕೇ ಈಗಿನ ಹೆಸರಲ್ಲಿ ಸಂಖ್ಯೇನೇ ಬರೀತಾರೆ: ಐರನ್ (3) ಕ್ಲೋರೈಡ್. ಲೇಬಲ್ ಓದಿ, ಆಮೇಲೆ ದುಡ್ಡು ಕೊಡಿ.