ಗಂಟೆ ಹೊಡೆದರೆ ಮಕ್ಕಳೇ ಓಡುವ ಶಾಲೆ

‘ಅಮೆರಿಕದಲ್ಲಿ ಮಕ್ಕಳಿಗೆ ಓದೇ ಇಲ್ವಂತೆ, ಬರೀ ಆಟವಂತೆ!’ ಎನ್ನುವವರು ನಮ್ಮಲ್ಲಿ ಬಹಳ. ‘ಸ್ಕೂಲು ಅಂದ್ರೆ ಅಲ್ಲಿಯದೇ ಸ್ಕೂಲು, ನಮ್ಮದೇನು ಬಿಡಿ’ ಎಂದು ಮೂಗು ಮುರಿಯುವವರೂ ಅಷ್ಟೇ ಜನ. ಎರಡೂ ಪೂರ್ತಿ ನಿಜವಲ್ಲ. ಈಗ ಸಣ್ಣ ಊರುಗಳಿಂದಲೂ ಮಗನೋ ಅಳಿಯನೋ ಕೆಲಸದ ಮೇಲೆ ಆ ದೇಶಕ್ಕೆ ಸಂಸಾರ ಸಮೇತ ಹೊರಡುತ್ತಿದ್ದಾರೆ. ಮಕ್ಕಳು ಪುಟ್ಟವರಾದರೆ ಹೇಗೋ ಹೊಂದಿಕೊಳ್ಳುತ್ತಾರೆ. ಎಂಟೋ ಒಂಬತ್ತೋ ಓದುವ ಮಕ್ಕಳಿದ್ದರೆ ತಾಯಿಗೆ ಚಿಂತೆ ತಪ್ಪಿದ್ದಲ್ಲ.

ನನ್ನ ಅಕ್ಕನ ಮನೆ ಇರುವುದು ಷಿಕಾಗೋ ನಗರದ ಹೊರಗಿನ ಒಂದು ಉಪನಗರದಲ್ಲಿ. ಕಳೆದ ವರ್ಷ ಮೂರು ತಿಂಗಳು ಅಲ್ಲಿದ್ದೆ. ಅಕ್ಕನ ಮಗಳು ಓದುವ ಸರ್ಕಾರಿ ಹೈಸ್ಕೂಲಿನಲ್ಲಿ ಸೆಪ್ಟೆಂಬರ್‌ನಲ್ಲಿ ಒಂದು ಸಂಜೆ ತಾಯ್ತಂದೆಯರನ್ನು ಕರೆದಿದ್ದರು. ಮಗಳ ವೇಳಾಪಟ್ಟಿ ಹಿಡಿದು, ಅವಳು ಕೂರುವ ಒಂದೊಂದು ಕೋಣೆಯಲ್ಲೂ ಹತ್ತು ಹತ್ತು ನಿಮಿಷ ನಾವೂ ಕೂತು ಬಂದೆವು. ಕಾಲು ನೋವು ಬಂದದ್ದು ನಿಜ, ಆದರೆ ತಿಳಿದದ್ದು ಬಹಳ.

ಒಂದು ಶಾಲೆ, ಹಲವು ವಿಭಾಗ

ಅಲ್ಲಿ ಹೈಸ್ಕೂಲೆಂದರೆ ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ವರ್ಷ. ನಮ್ಮ ಹೈಸ್ಕೂಲಿನ ಬಾಲವೂ ಪಿಯುಸಿಯೂ ಸೇರಿದಂತೆ ಎನ್ನಿ. ನಮ್ಮಲ್ಲಿ ಮಕ್ಕಳು ಕೂತಲ್ಲೇ ಕೂತಿರುತ್ತಾರೆ, ಮೇಷ್ಟ್ರು ಬದಲಾಗುತ್ತಾರೆ. ಅಲ್ಲಿ ಟೀಚರ್ ತಮ್ಮ ಕೋಣೆಯಲ್ಲೇ ಇರುತ್ತಾರೆ, ಗಂಟೆ ಹೊಡೆದ ಕೂಡಲೇ ಮಕ್ಕಳು ನಾಲ್ಕೈದು ನಿಮಿಷದಲ್ಲಿ ಮುಂದಿನ ಕೋಣೆಗೆ ಓಡಬೇಕು.

ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ಅಧ್ಯಯನ, ಭಾಷೆಗಳು, ಚಿತ್ರಕಲೆ-ಸಂಗೀತ, ವ್ಯಾಯಾಮ - ಹೀಗೆ ಕಾಲೇಜಿನಂತೆ ಪ್ರತಿಯೊಂದಕ್ಕೂ ಒಂದು ವಿಭಾಗ, ಅದಕ್ಕೊಬ್ಬ ಮುಖ್ಯಸ್ಥರು. ‘ಸೈನ್ಸ್ ತಗೊಂಡೆಯಾ, ಆರ್ಟ್ಸ್ ತಗೊಂಡೆಯಾ’ ಎನ್ನುವ ಪ್ರಶ್ನೆಯೇ ಅಲ್ಲಿಲ್ಲ. ಒಬ್ಬಳೇ ಹುಡುಗಿ ರಸಾಯನಶಾಸ್ತ್ರ, ಸ್ಪ್ಯಾನಿಷ್, ಮಡಕೆ ಮಾಡುವ ಕಲೆ ಮೂರನ್ನೂ ಒಂದೇ ವರ್ಷ ಕಲಿಯಬಹುದು. ಆದರೆ ಕಡ್ಡಾಯವೂ ಇದೆ. ಇಲಿನಾಯ್ ರಾಜ್ಯದಲ್ಲಿ ಇಂಗ್ಲಿಷ್ ನಾಲ್ಕು ವರ್ಷ, ಗಣಿತ ಮೂರು ವರ್ಷ ಆಗಲೇಬೇಕು. ಪಾಸಾದ ಒಂದೊಂದು ವಿಷಯಕ್ಕೂ ಇಷ್ಟು ‘ಕ್ರೆಡಿಟ್’ ಎಂದು ಜಮೆಯಾಗುತ್ತದೆ. ನಾಲ್ಕು ವರ್ಷದ ಜಮೆ ತುಂಬಿದರೆ ಡಿಪ್ಲೊಮಾ. 1906ರ ಹೊತ್ತಿಗೆ ಶುರುವಾದ ಈ ಲೆಕ್ಕ ಇಂದಿಗೂ ನಡೆಯುತ್ತಿದೆ.

ಬರೀ ಆಟವೆಂಬ ಮಾತು ಸುಳ್ಳು. ವರ್ಷದ ಕೊನೆಯ ಪರೀಕ್ಷೆಯೊಂದನ್ನೇ ನಂಬಿಕೊಂಡು ಕೂರುವ ಹಾಗಿಲ್ಲ. ಮನೆಕೆಲಸ, ಕಿರುಪರೀಕ್ಷೆ, ಪ್ರಬಂಧ, ಪ್ರಯೋಗ ಎಲ್ಲಕ್ಕೂ ಅಂಕ. ಇಂಗ್ಲಿಷ್ ಟೀಚರ್ ಅಂದು ಹೇಳಿದ್ದು ನನಗೆ ಹಿಡಿಸಿತು: ಮಗು ಏನು ಬೇಕಾದರೂ ಅಭಿಪ್ರಾಯ ಬರೆಯಲಿ, ಆದರೆ ಅದಕ್ಕೆ ಪುಸ್ತಕದಲ್ಲಿ ಆಧಾರ ತೋರಿಸಬೇಕು. ಬಾಯಿಪಾಠ ಮಾಡಿದ ಉತ್ತರಕ್ಕೆ ಅಲ್ಲಿ ಬೆಲೆಯಿಲ್ಲ. ಬೇರೆಯವರದನ್ನು ನೋಡಿ ಇಳಿಸಿದರಂತೂ ದೊಡ್ಡ ಅಪರಾಧ.

ಗಂಡುಮಕ್ಕಳೂ ಸೌಟು ಹಿಡಿಯುತ್ತಾರೆ

ನಮ್ಮಂಥ ಗೃಹಿಣಿಯರಿಗೆ ಖುಷಿ ಕೊಡುವ ವಿಭಾಗ ಇನ್ನೊಂದಿದೆ. ಸಾಲಾಗಿ ಒಲೆಗಳು, ಸಿಂಕುಗಳು, ಹೊಲಿಗೆ ಯಂತ್ರಗಳು. ಆರಡಿ ಎತ್ತರದ ಹುಡುಗರು ಏಪ್ರನ್ ಕಟ್ಟಿಕೊಂಡು ಹಿಟ್ಟು ಕಲಸಿದ ಫೋಟೋಗಳು ಗೋಡೆಯ ಮೇಲೆ!

ಇದರ ಹಿಂದೆ ಒಬ್ಬ ಹೆಣ್ಣುಮಗಳ ಕಥೆಯಿದೆ. ಎಲೆನ್ ಸ್ವಾಲೋ ರಿಚರ್ಡ್ಸ್ ಎಂಬಾಕೆ 1873ರಲ್ಲಿ ಎಂ.ಐ.ಟಿ.ಯಿಂದ ಪದವಿ ಪಡೆದ ಮೊದಲ ಮಹಿಳೆ, ರಸಾಯನಶಾಸ್ತ್ರಜ್ಞೆ. ನೀರು, ಗಾಳಿ, ಆಹಾರದ ಶುದ್ಧತೆ ಮನೆಯೊಳಗಿನ ವಿಜ್ಞಾನವೆಂದು ಆಕೆ ಹಟ ಹಿಡಿದರು. 1899ರಲ್ಲಿ ಲೇಕ್ ಪ್ಲಾಸಿಡ್ ಎಂಬಲ್ಲಿ ಸೇರಿದ ಸಭೆಯಿಂದ ಗೃಹವಿಜ್ಞಾನ ಎನ್ನುವ ವಿಷಯಕ್ಕೆ ರೂಪ ಬಂತು. 1917ರ ಸ್ಮಿತ್-ಹ್ಯೂಸ್ ಕಾನೂನಿನಿಂದ ಶಾಲೆಗಳಲ್ಲಿ ಅದನ್ನು ಕಲಿಸಲು ಕೇಂದ್ರ ಸರ್ಕಾರದ ಹಣವೂ ಸಿಕ್ಕಿತು. ಆದರೆ ಬಹುಕಾಲ ಹುಡುಗಿಯರಿಗೆ ಅಡಿಗೆ-ಹೊಲಿಗೆ, ಹುಡುಗರಿಗೆ ಮರಗೆಲಸ ಎಂದೇ ಇತ್ತು. 1972ರಲ್ಲಿ ‘ಟೈಟಲ್ ನೈನ್’ ಕಾನೂನು ಬಂದ ಮೇಲೆ ಹೆಣ್ಣು-ಗಂಡೆಂದು ವಿಷಯ ಬೇರೆ ಮಾಡುವುದು ನಿಂತಿತು. 1994ರಲ್ಲಿ ಈ ಶಾಸ್ತ್ರದ ಹೆಸರೂ ‘ಕುಟುಂಬ ಮತ್ತು ಬಳಕೆದಾರ ವಿಜ್ಞಾನ’ ಎಂದಾಯಿತು. ಅಡಿಗೆಯ ಜೊತೆಗೆ ಮಕ್ಕಳ ಬೆಳವಣಿಗೆ, ಮನೆಯ ಖರ್ಚುವೆಚ್ಚವೂ ಇದರಲ್ಲಿ ಸೇರುತ್ತದೆ. ನಾವು ದಿನಾ ಮಾಡುವುದನ್ನೇ ಅಲ್ಲಿ ಕ್ರೆಡಿಟ್ ಕೊಟ್ಟು ಕಲಿಸುತ್ತಾರೆ!

ವ್ಯಾಯಾಮವೂ ಅಲ್ಲಿ ಹೊತ್ತು ಕಳೆಯುವ ಪೀರಿಯಡ್ ಅಲ್ಲ. ಷಿಕಾಗೋ ಬಳಿಯ ನೇಪರ್‌ವಿಲ್ ಊರಿನ ಶಾಲೆಗಳು ಇದಕ್ಕೇ ಹೆಸರಾದವು. ಯಾರು ಮುಂದೆ ಓಡಿದರು ಎಂದು ನೋಡದೆ, ಹೃದಯ ಬಡಿತ ಅಳೆದು, ಯಾರು ಎಷ್ಟು ಶ್ರಮಪಟ್ಟರು ಎಂದು ಅಂಕ ಕೊಟ್ಟರು. 1999ರ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಆ ಊರಿನ ಎಂಟನೇ ತರಗತಿಯ ಮಕ್ಕಳು ವಿಜ್ಞಾನದಲ್ಲಿ ಮೊದಲನೆಯ, ಗಣಿತದಲ್ಲಿ ಆರನೆಯ ಸ್ಥಾನದಲ್ಲಿ ನಿಂತರು. ಊರು ಅನುಕೂಲಸ್ಥರದು, ಎಲ್ಲಾ ಪುಣ್ಯವನ್ನೂ ಓಟಕ್ಕೇ ಕಟ್ಟಲಾಗದು. ಆದರೂ ‘ಆಟ ಸಾಕು, ಓದು’ ಎಂದು ಗದರುವ ಮುನ್ನ ನಾವು ಯೋಚಿಸಬೇಕಾದ್ದೇ.

ಎಪ್ಪತ್ತೆಂಟು ಅಂಕದ ಪೇಚು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಕ್ಕನ ಮಗಳು ಇಲ್ಲಿ ಎಂಟನೇ ತರಗತಿ ಮುಗಿಸಿ ಹೋದವಳು. ಗಣಿತದಲ್ಲಿ 78. ನಮ್ಮ ಲೆಕ್ಕದಲ್ಲಿ ಡಿಸ್ಟಿಂಕ್ಷನ್. ಅಲ್ಲಿ ಸಾಮಾನ್ಯವಾಗಿ 90ರ ಮೇಲಿದ್ದರೆ ‘ಎ’, 80ರ ಮೇಲೆ ‘ಬಿ’, 70ರ ಮೇಲೆ ‘ಸಿ’. ನಮ್ಮ ಫಸ್ಟ್ ಕ್ಲಾಸಿನ 60 ಅಲ್ಲಿ ‘ಡಿ’! ಶಾಲೆಯವರು ಮಾರ್ಕ್ಸ್ ಕಾರ್ಡ್ ನೋಡಿ ‘ಸಾಧಾರಣ ಹುಡುಗಿ’ ಎಂದುಕೊಂಡು ಮೊದಲನೆಯ ಬೀಜಗಣಿತದ ತರಗತಿಗೆ ಹಾಕಿದರು.

ಅದರಲ್ಲೇನು ಎನ್ನಬೇಡಿ. ಅಲ್ಲಿಯ ಗಣಿತ ಮೆಟ್ಟಿಲಿನ ಹಾಗೆ. ಬೀಜಗಣಿತ ಒಂದು, ರೇಖಾಗಣಿತ, ಬೀಜಗಣಿತ ಎರಡು, ಪ್ರೀಕ್ಯಾಲ್ಕುಲಸ್, ಆಮೇಲೆ ಕ್ಯಾಲ್ಕುಲಸ್. ಒಂಬತ್ತರಲ್ಲಿ ಮೊದಲ ಮೆಟ್ಟಿಲಲ್ಲಿ ನಿಂತ ಮಗು ವರ್ಷಕ್ಕೊಂದರಂತೆ ಹತ್ತಿದರೆ ಹನ್ನೆರಡು ಮುಗಿದರೂ ಕ್ಯಾಲ್ಕುಲಸ್ ಸಿಗದು. ಎಂಜಿನಿಯರಿಂಗ್ ಓದಬೇಕೆನ್ನುವ ಮಕ್ಕಳಿಗೆ ಇದು ಹಿನ್ನಡೆಯೇ. ‘ಚಿಕ್ಕಮ್ಮ, ಬೋರ್ಡಿನ ಮೇಲಿನ ಲೆಕ್ಕ ಎಲ್ಲಾ ನಂಗೆ ಬರುತ್ತೆ, ಆದ್ರೆ ಯಾರಿಗೆ ಹೇಳಲಿ?’ ಎಂದು ಹುಡುಗಿ ಫೋನಿನಲ್ಲಿ ಅತ್ತಿದ್ದಳು.

ಅಕ್ಕ ಓದಿದ್ದು ಪಿಯುಸಿ. ಇಂಗ್ಲಿಷ್ ತಡವರಿಸುತ್ತದೆ. ಆದರೂ ಸುಮ್ಮನೆ ಕೂರಲಿಲ್ಲ. ಮೊದಲು ಮಗಳ ಕೌನ್ಸೆಲರ್‌ಗೆ, ಅಲ್ಲಿ ಕೆಲಸವಾಗದಿದ್ದಾಗ ಗಣಿತ ವಿಭಾಗದ ಮುಖ್ಯಸ್ಥರಿಗೆ ನಾಲ್ಕು ಸಾಲು ಬರೆದಳು: ನಮ್ಮ ದೇಶದಲ್ಲಿ ಇಷ್ಟು ಅಂಕವೆಂದರೆ ಇಂಥ ದರ್ಜೆ, ಇದು ಅವಳು ಓದಿದ ಪುಸ್ತಕ, ದಯವಿಟ್ಟು ಒಂದು ಪರೀಕ್ಷೆ ಕೊಟ್ಟು ನೋಡಿ. ಮುಖ್ಯಸ್ಥರು ಪುಸ್ತಕ ತಿರುವಿ, ಪರೀಕ್ಷೆ ಕೊಟ್ಟರು. ಮರುವಾರವೇ ಹುಡುಗಿ ರೇಖಾಗಣಿತದ ತರಗತಿಯಲ್ಲಿ ಕೂತಳು!

ನುಣ್ಣಗೆ ಕಾಣುವ ಬೆಟ್ಟ

ಎಲ್ಲವೂ ಚೆಂದವೆಂದು ತಿಳಿಯಬೇಡಿ. ಸರ್ಕಾರಿ ಶಾಲೆಗಳ ಹಣದ ದೊಡ್ಡ ಪಾಲು ಬರುವುದು ಆ ಊರಿನ ಮನೆ-ಜಮೀನುಗಳ ತೆರಿಗೆಯಿಂದ. ಆದ್ದರಿಂದ ಸ್ಥಿತಿವಂತರ ಉಪನಗರಕ್ಕೂ ಬಡವರ ಬಡಾವಣೆಗೂ ಶಾಲೆಯಲ್ಲಿ ಅಜಗಜಾಂತರವಿರುವುದುಂಟು. ಇನ್ನೊಂದು ಭಯವೂ ಇದೆ. 1999ರಲ್ಲಿ ಕೊಲರಾಡೋದ ಕೊಲಂಬೈನ್ ಹೈಸ್ಕೂಲಿನಲ್ಲಿ ಗುಂಡಿನ ದಾಳಿ ನಡೆದ ಮೇಲೆ, ಬಾಗಿಲು ಭದ್ರಪಡಿಸಿ, ದೀಪ ಆರಿಸಿ, ಉಸಿರು ಬಿಗಿಹಿಡಿದು ಕೂರುವ ಅಭ್ಯಾಸವನ್ನು ಮಕ್ಕಳಿಗೆ ಮಾಡಿಸುತ್ತಾರೆ. ಅದನ್ನು ಕೇಳಿ ನನ್ನ ಎದೆ ಝಲ್ಲೆಂದಿತು.

ಹೊರಡುವವರಿಗೆ ನಾಲ್ಕು ಮಾತು

1. ಹಿಂದಿನ ಎರಡು-ಮೂರು ವರ್ಷದ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳಿ. ಎಷ್ಟು ಅಂಕಕ್ಕೆ ಯಾವ ದರ್ಜೆ ಎಂದು ಇಲ್ಲಿಯ ಶಾಲೆಯಿಂದಲೇ ಇಂಗ್ಲಿಷಿನಲ್ಲಿ ಪತ್ರ ಬರೆಸಿಕೊಳ್ಳಿ.

2. ಗಣಿತ, ವಿಜ್ಞಾನದ ಪಠ್ಯಪುಸ್ತಕಗಳನ್ನು ರದ್ದಿಗೆ ಹಾಕಬೇಡಿ, ಜೊತೆಗೊಯ್ಯಿರಿ. ಚುಚ್ಚುಮದ್ದಿನ ದಾಖಲೆಯಂತೂ ಬೇಕೇ ಬೇಕು.

3. ಮನೆಮಾತು ಯಾವುದೆಂದು ಕೇಳಿದರೆ ಧೈರ್ಯವಾಗಿ ಕನ್ನಡವೆಂದೇ ಬರೆಯಿರಿ. ಮಗುವಿಗೆ ಇಂಗ್ಲಿಷ್ ಪರೀಕ್ಷೆ ಕೊಡುತ್ತಾರೆ, ಅದು ಅವಮಾನವಲ್ಲ. ಕಷ್ಟವಿದ್ದರೆ ಸಹಾಯ ಸಿಗುತ್ತದೆ.

4. ತಾಯ್ತಂದೆಯರಿಗೆ ಇಂಗ್ಲಿಷ್ ಬಾರದಿದ್ದರೆ ದುಭಾಷಿಯನ್ನು ಕೇಳುವ ಹಕ್ಕು ಸರ್ಕಾರಿ ಶಾಲೆಗಳಲ್ಲಿದೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಮೇಷ್ಟ್ರನ್ನು ಪ್ರಶ್ನಿಸಿದರೆ ಮಗುವಿನ ಮೇಲೆ ಸಿಟ್ಟು ತೀರಿಸಿಕೊಂಡಾರು ಎಂಬ ಅಂಜಿಕೆ ನಮ್ಮಲ್ಲಿ ಹಲವರಿಗಿದೆ. ಅಲ್ಲಿ ಕೇಳದೆ ಕೂತ ತಾಯಿಗೇ ನಷ್ಟ. ಮಗಳು ಏನು ಬಲ್ಲಳೆಂಬುದು ತಾಯಿಗೆ ಗೊತ್ತು. ಅದನ್ನು ಹರಕುಮುರುಕು ಇಂಗ್ಲಿಷಿನಲ್ಲಾದರೂ ಸರಿ, ವಿನಯದಿಂದ, ಬರೆದು ತಿಳಿಸಿದರೆ ಕೇಳಿಸಿಕೊಳ್ಳುವವರು ಅಲ್ಲಿಯೂ ಸಿಗುತ್ತಾರೆ.